ಮೊಬೈಲು ಕೆಟ್ಟಾಗ ಪೇಟೆಗೆ ಹೊರಡುವ ಮೊದಲು



ಲೆಕ್ಕಾಚಾರಕ್ಕೆಂದು ನಮ್ಮ ಸಂಘದ ಮಂಗಳೂರು ಕಚೇರಿಗೆ ಬರುವ ಅನೇಕ ಸದಸ್ಯರು ಈಚೆಗೆ ಇನ್ನೊಂದು ಕೆಲಸವನ್ನೂ ಜೊತೆಗೆ ಇಟ್ಟುಕೊಂಡು ಬರುತ್ತಾರೆ. ಅದು ಮೊಬೈಲು ಫೋನಿನ ರಿಪೇರಿ. ಸುಳ್ಯ, ಬೆಳ್ತಂಗಡಿ, ಬದಿಯಡ್ಕ, ಮೂಡಿಗೆರೆಗಳಿಂದ ಬೆಳಗ್ಗಿನ ಬಸ್ಸು ಹಿಡಿದು, ಹಂಪನಕಟ್ಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಸುತ್ತಿ, ತಿರುಗಿ ಮನೆ ಸೇರುವಾಗ ಒಂದು ದಿನದ ತೋಟದ ಕೆಲಸ ಹೋಗಿರುತ್ತದೆ. ಅಲ್ಲಿ ಆದ ರಿಪೇರಿಯಾದರೂ ಏನು? ಚಾರ್ಜಿನ ತೂತಿನ ಧೂಳು ತೆಗೆದದ್ದು, ಅಥವಾ ತಪ್ಪಿ ಒತ್ತಿಹೋಗಿದ್ದ ಒಂದು ಗುಂಡಿಯನ್ನು ಸರಿಮಾಡಿದ್ದು. ಇಂಥದ್ದಕ್ಕೆ ಪೇಟೆಯೇ ಬೇಕೆಂದಿಲ್ಲ.

ಹಾಗೆಂದು ಇದು ಸಣ್ಣ ವಿಷಯವೂ ಅಲ್ಲ. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾದ ಕಾಲಕ್ಕೆ ಹಳ್ಳಿಯ ಬೆಳೆಗಾರನಿಗೆ ಅಡಿಕೆಯ ಧಾರಣೆ ತಿಳಿಯಬೇಕಾದರೆ ಪತ್ರಿಕೆ ಬರಬೇಕಿತ್ತು, ಇಲ್ಲವೇ ಪೇಟೆಗೆ ಹೋಗಿ ಬಂದವರನ್ನು ಕೇಳಬೇಕಿತ್ತು. ಇಂದು ಧಾರಣೆ ಮಾತ್ರವಲ್ಲ, ಬ್ಯಾಂಕಿನ ಒ.ಟಿ.ಪಿ., ಯು.ಪಿ.ಐ. ಪಾವತಿ, ಪಿ.ಎಂ. ಕಿಸಾನ್ ಯೋಜನೆಯ ಇ-ಕೆವೈಸಿ, ಬೆಳೆ ಸಮೀಕ್ಷೆಯ ಫೋಟೋ ಎಲ್ಲವೂ ಈ ಒಂದು ಅಂಗೈಯಗಲದ ಯಂತ್ರದಲ್ಲಿವೆ. 2020ರಿಂದ ನಮ್ಮ ರಾಜ್ಯದಲ್ಲಿ ರೈತನೇ ತನ್ನ ಬೆಳೆಯ ವಿವರವನ್ನು ಮೊಬೈಲಿನ ಮೂಲಕ ದಾಖಲಿಸುವ ವ್ಯವಸ್ಥೆ ಬಂದಿದೆ. ಬೆಳೆ ವಿಮೆಯಲ್ಲಿ ನಮೂದಿಸಿದ ಬೆಳೆಗೂ ಸಮೀಕ್ಷೆಯ ಬೆಳೆಗೂ ತಾಳೆ ಆಗದಿದ್ದರೆ ಪರಿಹಾರಕ್ಕೆ ತೊಡಕಾಗುತ್ತದೆ. ಆದಕಾರಣ ಫೋನು ಎಂದರೆ ಪಾಸುಪುಸ್ತಕ, ರುಜು, ಪಹಣಿ ಮೂರೂ ಸೇರಿದ ವಸ್ತು. ಅದನ್ನು ಸರಿಪಡಿಸುವ ಭರದಲ್ಲಿ ಒಳಗಿನದನ್ನು ಕಳೆದುಕೊಳ್ಳಬಾರದು.

ಪಂಪು ನೀರೆತ್ತದಿದ್ದರೆ ನಾವು ತಕ್ಷಣ ಮೋಟಾರು ಬಿಚ್ಚುವುದಿಲ್ಲ. ಕರೆಂಟು ಇದೆಯೋ, ಫ್ಯೂಸು ಹೋಗಿದೆಯೋ, ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆಯೋ ಎಂದು ಒಂದೊಂದಾಗಿ ನೋಡುತ್ತೇವೆ. ಫೋನಿಗೂ ಇದೇ ಕ್ರಮ ಸಾಕು. ಹೊರಗಿನಿಂದ ಒಳಗೆ ಹೋಗಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಇಲ್ಲವಾದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಹಿಂದೆ ತರಲಾಗದ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಮೊಟ್ಟಮೊದಲ ಚಿಕಿತ್ಸೆ ಫೋನನ್ನು ಪೂರ್ತಿ ಆರಿಸಿ ಪುನಃ ಹಚ್ಚುವುದು. ಸಣ್ಣಪುಟ್ಟ ತೊಂದರೆಗಳಲ್ಲಿ ಬಹುಪಾಲು ಇದರಲ್ಲೇ ಮುಗಿಯುತ್ತವೆ. ಪರದೆ ಸ್ತಬ್ಧವಾಗಿ ಯಾವುದಕ್ಕೂ ಓಗೊಡದಿದ್ದರೆ, ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಗುಂಡಿಯನ್ನೂ ಶಬ್ದ ಇಳಿಸುವ ಗುಂಡಿಯನ್ನೂ ಒಟ್ಟಿಗೆ 10ರಿಂದ 20 ಸೆಕೆಂಡು ಒತ್ತಿ ಹಿಡಿದರೆ ತಾನಾಗಿ ಆರಿ ಹೊತ್ತಿಕೊಳ್ಳುತ್ತದೆ.

ಇನ್ನು ಕಚೇರಿಯಲ್ಲಿ ಸದಸ್ಯರ ಬಾಯಿಂದ ಹೆಚ್ಚಾಗಿ ಕೇಳಿಬರುವ ತೊಂದರೆಗಳನ್ನು ಒಂದೊಂದಾಗಿ ನೋಡೋಣ.

1. ಚಾರ್ಜ್ ಆಗುವುದಿಲ್ಲ, ಅಥವಾ ಬಹಳ ನಿಧಾನ

ಮೊದಲು ಬೇರೆ ಪ್ಲಗ್ಗಿಗೆ ಹಾಕಿ ನೋಡಿರಿ. ಅನಂತರ ಬೇರೆ ವಯರು, ಕೊನೆಗೆ ಬೇರೆ ಚಾರ್ಜರು. ಹೆಚ್ಚಾಗಿ ಸಾಯುವುದು ವಯರು. ಬಾಗಿದ ಜಾಗದಲ್ಲಿ ಒಳಗಿನ ಎಳೆ ತುಂಡಾಗಿರುತ್ತದೆ, ಹೊರಗೆ ಕಾಣಿಸುವುದಿಲ್ಲ. ಮೂರೂ ಸರಿಯಿದ್ದರೆ ಫೋನಿನ ತೂತನ್ನು ಬೆಳಕಿಗೆ ಹಿಡಿದು ನೋಡಿರಿ. ತೋಟಕ್ಕೆ ಹೋಗುವವರ ಅಂಗಿ ಜೇಬಿನಲ್ಲಿ ಸಿಪ್ಪೆಯ ನಾರು, ಮಣ್ಣು, ನೂಲಿನ ತುಣುಕು ಇದ್ದೇ ಇರುತ್ತವೆ. ದಿನಾಲೂ ವಯರು ತುರುಕುವಾಗ ಅದು ಒಳಗೆ ಒತ್ತಿಕೊಂಡು ಗಟ್ಟಿಯಾಗುತ್ತದೆ. ವಯರು ಪೂರ್ತಿ ಒಳಗೆ ಕೂರದೆ ಸಡಿಲವಾಗಿದ್ದರೆ ಇದೇ ಕಾರಣವೆನ್ನಬಹುದು. ಫೋನು ಆರಿಸಿ, ಒಣಗಿದ ಮೆದು ಬ್ರಶ್ಶಿನಿಂದ ಅಥವಾ ಮರದ ಹಲ್ಲುಕಡ್ಡಿಯಿಂದ ಹಗುರವಾಗಿ ಕಸ ತೆಗೆಯಿರಿ. ಸೂಜಿ, ಪಿನ್ನು ಕೂಡದು. ಒಳಗಿನ ಸಣ್ಣ ಲೋಹದ ಎಸಳುಗಳು ಬಾಗಿದರೆ ರಿಪೇರಿ ದುಬಾರಿ.

ಹಳ್ಳಿಯ ವೋಲ್ಟೇಜು ಕಡಿಮೆಯಾದುದರಿಂದ ಚಾರ್ಜ್ ಆಗುವುದಿಲ್ಲವೆಂದು ಕೆಲವರು ತಿಳಿದಿದ್ದಾರೆ. ಚಾರ್ಜರಿನ ಮೇಲಿನ ಸಣ್ಣ ಅಕ್ಷರ ಓದಿರಿ. ಬಹುತೇಕ ಚಾರ್ಜರುಗಳಲ್ಲಿ 100ರಿಂದ 240 ವೋಲ್ಟು ಎಂದು ಇರುತ್ತದೆ. ಪಂಪು ತಿರುಗದಷ್ಟು ಕಡಿಮೆ ವೋಲ್ಟೇಜಿನಲ್ಲೂ ಇದು ಕೆಲಸ ಮಾಡಬಲ್ಲದು. ಇದನ್ನು ಕೊಲ್ಲುವುದು ಒಮ್ಮೆಲೇ ಏರುವ ವೋಲ್ಟೇಜು ಮತ್ತು ಸಿಡಿಲು. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ತಿಂಗಳ ಗುಡುಗಿನ ಸಂಜೆಗಳಲ್ಲಿ ಚಾರ್ಜರನ್ನೂ ಇಂಟರ್ನೆಟ್ಟಿನ ಪೆಟ್ಟಿಗೆಯನ್ನೂ ಪ್ಲಗ್ಗಿನಿಂದ ಕಿತ್ತೇ ಇಡಿರಿ. ಸ್ವಿಚ್ಚು ಆರಿಸಿದರೆ ಸಾಲದು. ವಯರು ಸಿಕ್ಕಿಸಿಕೊಂಡೇ ಸಿಡಿಲಿನ ಹೊತ್ತಿಗೆ ಮಾತನಾಡುವುದು ಪ್ರಾಣಕ್ಕೆ ಅಪಾಯ.

2. ಬ್ಯಾಟರಿ ಬೇಗ ಇಳಿಯುತ್ತದೆ, ಫೋನು ಬಿಸಿಯಾಗುತ್ತದೆ

ಇದಕ್ಕೆ ನಮ್ಮ ಕಡೆ ಒಂದು ವಿಶೇಷ ಕಾರಣವಿದೆ. ಗುಡ್ಡಗಳ ನಡುವಿನ ತಗ್ಗಿನ ತೋಟದಲ್ಲಿ ಸಿಗ್ನಲ್ ದುರ್ಬಲ. ಟವರು ಸಿಗದಿದ್ದಾಗ ಫೋನು ಜೋರಾಗಿ ಹುಡುಕುತ್ತಲೇ ಇರುತ್ತದೆ, ಆ ಹುಡುಕಾಟದಲ್ಲೇ ಬ್ಯಾಟರಿ ಕರಗುತ್ತದೆ. ಸಿಗ್ನಲ್ ಇಲ್ಲದ ತೋಟದಲ್ಲಿ ಅರ್ಧ ದಿನ ಕೆಲಸವಿದ್ದರೆ ವಿಮಾನದ ಗುರುತಿನ ಗುಂಡಿ ಒತ್ತಿ ಇಡಿರಿ, ಮೇಲೆ ಬಂದಾಗ ತೆಗೆಯಿರಿ. ಮಳೆಗಾಲದಲ್ಲಿ ಮಲೆನಾಡಿನ ಕಾಫಿ ತೋಟಗಳಲ್ಲಿ ದಿನಗಟ್ಟಲೆ ಕರೆಂಟು ಇಲ್ಲದಿರುವಾಗಲೂ ಇದೇ ಉಪಾಯ. ಪವರ್ ಬ್ಯಾಂಕ್ ಕೊಳ್ಳುವವರು ಒಂದು ಲೆಕ್ಕ ತಿಳಿದಿರಲಿ: ಮೇಲೆ 10,000 ಎಂದು ಬರೆದಿದ್ದರೂ ಫೋನಿಗೆ ಸೇರುವುದು ಸುಮಾರು 6,000 ಮಾತ್ರ. ಅಂದರೆ 5,000ದ ಬ್ಯಾಟರಿಯನ್ನು ಎರಡು ಸಲವಲ್ಲ, ಒಂದು ಸಲ ತುಂಬಿಸಿ ಸ್ವಲ್ಪ ಉಳಿದೀತು.

ಬಿಸಿಲು ಈ ಬ್ಯಾಟರಿಯ ದೊಡ್ಡ ಶತ್ರು. 35 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಹವೆಯಲ್ಲಿ ಬಳಸಬೇಡಿರೆಂದು ಆಪಲ್, ಸ್ಯಾಮ್‌ಸಂಗ್ ಮೊದಲಾದ ಕಂಪೆನಿಗಳೇ ಹೇಳುತ್ತವೆ. ಅಡಿಕೆ ಒಣಗುವ ಅಂಗಳದಲ್ಲಿ, ಜೀಪಿನ ಗಾಜಿನ ಹಿಂದೆ ಫೋನು ಇಟ್ಟರೆ ಈ ಮಿತಿ ಎಷ್ಟು ಬೇಗ ದಾಟೀತೆಂದು ನಿಮಗೇ ಗೊತ್ತು. ಬಿಸಿಯಾದಾಗ ಫೋನು ತಾನಾಗಿ ಚಾರ್ಜ್ ನಿಲ್ಲಿಸುವುದೂ ಉಂಟು. ಅದು ಕೆಟ್ಟದ್ದಲ್ಲ, ತನ್ನನ್ನು ಕಾಪಾಡಿಕೊಂಡದ್ದು. ನೆರಳಿನಲ್ಲಿ ಕವಚ ತೆಗೆದು ಇಡಿರಿ. ತಣ್ಣಗಾಗಲೆಂದು ಫ್ರಿಜ್ಜಿನೊಳಗೆ ಇಡಬಾರದು. ಒಳಗೆ ನೀರಿನ ಪಸೆ ಹಿಡಿಯುತ್ತದೆ.

ಬ್ಯಾಟರಿಗೂ ಆಯುಸ್ಸಿದೆ. ನೂರಾರು ಸಲ ತುಂಬಿ ಖಾಲಿಯಾದ ಮೇಲೆ ಅದರ ಹಿಡಿತ ಕಡಿಮೆಯಾಗುವುದು ಸಹಜ. ಮೂರು ನಾಲ್ಕು ವರ್ಷ ದುಡಿದ ಫೋನಿಗೆ ಹೊಸ ಬ್ಯಾಟರಿ ಹಾಕಿಸಿದರೆ ಹೊಸ ಫೋನು ಕೊಳ್ಳುವ ಖರ್ಚು ತಪ್ಪೀತು. ಆದರೆ ಬೆನ್ನಿನ ಮುಚ್ಚಳ ಉಬ್ಬಿದ್ದರೆ, ಪರದೆ ಒಂದು ಕಡೆ ಎದ್ದಿದ್ದರೆ ಬ್ಯಾಟರಿ ಊದಿದೆ ಎಂದರ್ಥ. ಆ ಕ್ಷಣವೇ ಬಳಕೆ ನಿಲ್ಲಿಸಿರಿ. ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಬಾರದು, ಮಕ್ಕಳ ಕೈಗೆ ಸಿಗಬಾರದು. ಇದು ಬೆಂಕಿ ಹಿಡಿಯುವ ವಸ್ತು. ಇಲ್ಲಿ ಮನೆಮದ್ದು ಇಲ್ಲ, ರಿಪೇರಿಯವರೇ ಆಗಬೇಕು.

3. ನೀರಿಗೆ ಬಿದ್ದರೆ

ಟ್ಯಾಂಕಿಗೋ ಕೆರೆಗೋ ಬಿದ್ದ ಫೋನನ್ನು ಎತ್ತಿದ ಕೂಡಲೇ ಆರಿಸಿರಿ. ಕೆಲಸ ಮಾಡುತ್ತದೋ ಎಂದು ಪರೀಕ್ಷಿಸಬಾರದು. ನೀರಿಗಿಂತಲೂ ನೀರಿನ ಮೇಲೆ ಹರಿಯುವ ಕರೆಂಟೇ ಹೆಚ್ಚು ಹಾಳುಮಾಡುತ್ತದೆ. ಕವಚ, ಸಿಮ್ ತಟ್ಟೆ ತೆಗೆದು, ಬಟ್ಟೆಯಲ್ಲಿ ಒರಸಿ, ಚಾರ್ಜಿನ ತೂತು ಕೆಳಗಾಗುವಂತೆ ಹಿಡಿದು ಅಂಗೈಗೆ ಮೆಲ್ಲನೆ ತಟ್ಟಿರಿ. ಅನಂತರ ಗಾಳಿಯಾಡುವ ಒಣ ಜಾಗದಲ್ಲಿ, ಫ್ಯಾನಿನ ಎದುರು ಕಡಿಮೆಯೆಂದರೆ ಒಂದು ದಿನ ಬಿಡಿರಿ. ಒಲೆಯ ಬಳಿ, ಡ್ರೈಯರಿನಲ್ಲಿ, ಸುಡುಬಿಸಿಲಿನಲ್ಲಿ ಇಡಬಾರದು.

ಅಕ್ಕಿಯ ಡಬ್ಬಿಯಲ್ಲಿ ಹೂತಿಡುವ ಪದ್ಧತಿ ಊರಿನಲ್ಲೂ ಇದೆ, ಪರದೇಶದಲ್ಲೂ ಇದೆ. ಇದನ್ನು ಮಾಡಬೇಡಿರೆಂದು ಆಪಲ್ ಕಂಪೆನಿ 2024ರಲ್ಲಿ ತನ್ನ ಸೂಚನೆಗಳಲ್ಲಿ ತಿಳಿಸಿದೆ. ಅಕ್ಕಿಯ ನುಚ್ಚು, ಹುಡಿ ತೂತಿನೊಳಗೆ ಸೇರಿ ಇನ್ನಷ್ಟು ಕೆಡುತ್ತದೆ.

'ಐ.ಪಿ. 67' ಎಂದು ಬರೆದ ಫೋನು ಒಂದು ಮೀಟರ್ ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆ ತಡೆಯಬಲ್ಲದೆಂಬ ಪರೀಕ್ಷೆಗೆ ಒಳಗಾದದ್ದು. ಅದು ಹೊಸತಾಗಿದ್ದಾಗಿನ ಮಾತು. ಸಮುದ್ರದ ಉಪ್ಪುನೀರಿಗಾಗಲಿ ಬೋರ್ಡೋ ದ್ರಾವಣಕ್ಕಾಗಲಿ ಆ ಭರವಸೆ ಅನ್ವಯಿಸುವುದಿಲ್ಲ. ಮೈಲುತುತ್ತು ಲೋಹವನ್ನು ತಿನ್ನುವುದು ನಮಗೆಲ್ಲ ತಿಳಿದದ್ದೇ; ಕಬ್ಬಿಣದ ಪಾತ್ರೆಯಲ್ಲಿ ನಾವು ಅದನ್ನು ಕರಗಿಸುವುದಿಲ್ಲವಷ್ಟೆ. ಆದುದರಿಂದ ಔಷಧ ಬಿಡುವ ದಿನ ಫೋನು ಮನೆಯಲ್ಲಿರಲಿ, ಇಲ್ಲವೇ ಬಾಯಿ ಮುಚ್ಚುವ ಪ್ಲಾಸ್ಟಿಕ್ ಚೀಲದಲ್ಲಿರಲಿ.

4. ಬೆರಳಚ್ಚು ಹಿಡಿಯುವುದಿಲ್ಲ, ಪರದೆ ಮುಟ್ಟಿದ್ದು ಕೇಳುವುದಿಲ್ಲ

ಕೈ ಕೆಸರಾದರೆ ಬಾಯಿ ಮೊಸರು ಎಂಬುದು ಗಾದೆ. ಬೆರಳಚ್ಚಿನ ಯಂತ್ರಕ್ಕೆ ಮಾತ್ರ ಕೆಸರಾದ ಕೈ ಆಗದು. ಅಡಿಕೆ ಸುಲಿದು ಚೊಗರು ಹಿಡಿದ, ಕತ್ತಿ ಹಾರೆ ಹಿಡಿದು ಸವೆದ ಬೆರಳಿನಲ್ಲಿ ಗೆರೆಗಳೇ ಅಳಿಸಿಹೋಗಿರುತ್ತವೆ. ಹೆಚ್ಚು ಕೆಲಸ ಮಾಡುವ ಹೆಬ್ಬೆರಳನ್ನು ಬಿಟ್ಟು ಎಡಗೈಯ ಉಂಗುರ ಬೆರಳನ್ನೂ ನೋಂದಾಯಿಸಿರಿ. ಅದೇ ಬೆರಳನ್ನು ಎರಡು ಸಲ ನೋಂದಾಯಿಸಿದರೂ ಗುರುತಿಸುವುದು ಸುಲಭವಾಗುತ್ತದೆ. ಬೀಗದ ಸಂಖ್ಯೆಯನ್ನು ಮಾತ್ರ ಮರೆಯಬಾರದು.

ಪರದೆ ಕೆಲಸ ಮಾಡುವುದು ಬೆರಳಿನ ಒತ್ತಡದಿಂದಲ್ಲ, ಮೈಯ ಮೂಲಕ ವಿದ್ಯುತ್ತು ಹರಿಯಬಲ್ಲ ಗುಣದಿಂದ. ಮಳೆಹನಿ ಬಿದ್ದರೆ ಅದನ್ನೂ ಬೆರಳೆಂದು ತಿಳಿಯುತ್ತದೆ; ರಬ್ಬರಿನ ಕೈಗವಸು ಹಾಕಿದರೆ ಬೆರಳನ್ನೇ ತಿಳಿಯದು. ಪರದೆಯನ್ನೂ ಕೈಯನ್ನೂ ಒರಸಿ ನೋಡಿರಿ. ದಪ್ಪ ಗಾಜು ಅಂಟಿಸಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸ್ಪರ್ಶದ ಸೂಕ್ಷ್ಮತೆ ಹೆಚ್ಚಿಸುವ ಅನುಕೂಲ ಹಲವು ಫೋನುಗಳಲ್ಲಿದೆ.

5. ಮಾತು ಕೇಳುವುದಿಲ್ಲ, ರಿಂಗಾಗುವುದಿಲ್ಲ

ನಮ್ಮ ಮಾತು ಆಚೆಯವರಿಗೆ ಕೇಳದಿದ್ದರೆ ಫೋನಿನ ಕೆಳ ಅಂಚಿನ ಸಣ್ಣ ತೂತು ಮುಚ್ಚಿರಬಹುದು. ಒಣ ಬ್ರಶ್ಶಿನಿಂದ ಉಜ್ಜಿರಿ, ಚುಚ್ಚಬೇಡಿರಿ. ಆಚೆಯವರ ಮಾತು ನಮಗೆ ಕೇಳದಿದ್ದರೆ ಮೇಲಿನ ಜಾಲರಿ ನೋಡಿರಿ. ಎರಡೂ ಸರಿಯಿದ್ದರೆ ಬ್ಲೂಟೂತ್ ಆರಿಸಿರಿ. ಮೊಮ್ಮಗನ ಕಿವಿಯಂತ್ರಕ್ಕೋ ಕಾರಿನ ರೇಡಿಯೋಕ್ಕೋ ಶಬ್ದ ಹೋಗುತ್ತಿರಬಹುದು. ರಿಂಗೇ ಆಗದಿದ್ದರೆ ಅರ್ಧಚಂದ್ರದ ಗುರುತು ಅಥವಾ 'ಡು ನಾಟ್ ಡಿಸ್ಟರ್ಬ್' ಒತ್ತಿಹೋಗಿದೆಯೋ ನೋಡಿರಿ.

6. ಸಿಗ್ನಲ್ ಇಲ್ಲ, ಇಂಟರ್ನೆಟ್ ಇಲ್ಲ

ಮನೆಯ ಇನ್ನೊಬ್ಬರ ಅದೇ ಕಂಪೆನಿಯ ಫೋನು ನಡೆಯುತ್ತಿದೆಯೋ ಎಂದು ಮೊದಲು ನೋಡಿರಿ. ಅದೂ ಸತ್ತಿದ್ದರೆ ತಪ್ಪು ಟವರಿನದ್ದು, ನಿಮ್ಮ ಫೋನಿನದ್ದಲ್ಲ. ಅದು ನಡೆಯುತ್ತಿದ್ದರೆ ವಿಮಾನದ ಗುಂಡಿಯನ್ನು ಒತ್ತಿ ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಅನಂತರ ಸಿಮ್ ತೆಗೆದು ಒಣ ಬಟ್ಟೆಯಲ್ಲಿ ಒರಸಿ ಹಾಕಿರಿ. ಕರೆ ಹೋಗುತ್ತದೆ, ಇಂಟರ್ನೆಟ್ ಮಾತ್ರ ಇಲ್ಲವೆಂದಾದರೆ ಡೇಟಾ ಗುಂಡಿ ಆರಿದೆಯೋ, ಆ ದಿನದ ಪಾಲು ಮುಗಿದಿದೆಯೋ, ರೀಚಾರ್ಜಿನ ಅವಧಿ ತೀರಿದೆಯೋ ನೋಡಿರಿ.

ಮನೆಗೆ ಫೈಬರ್ ಇಂಟರ್ನೆಟ್ ಬಂದಿದ್ದು ಟವರು ಮಾತ್ರ ಸಿಗದ ತಗ್ಗಿನ ಮನೆಯವರಿಗೆ ಒಂದು ಒಳ್ಳೆಯ ದಾರಿಯಿದೆ. ಸಿಮ್ ಸೆಟ್ಟಿಂಗ್ಸ್‌ನಲ್ಲಿ 'ವೈಫೈ ಕಾಲಿಂಗ್' ಎಂಬುದನ್ನು ಒತ್ತಿದರೆ ಸಾಮಾನ್ಯ ಕರೆಯೇ ಮನೆಯ ಇಂಟರ್ನೆಟ್ಟಿನ ಮೂಲಕ ಬರುತ್ತದೆ. ಈ ಸೌಲಭ್ಯ ನಿಮ್ಮ ಫೋನಿನಲ್ಲೂ ಕಂಪೆನಿಯಲ್ಲೂ ಇರಬೇಕು.

ಬ್ಯಾಂಕಿನ ಆ್ಯಪ್ ತೆರೆಯದೆ 'ಸಂಪರ್ಕವಿಲ್ಲ' ಎನ್ನುತ್ತಿದ್ದರೆ ಫೋನಿನ ದಿನಾಂಕ, ಗಂಟೆ ನೋಡಿರಿ. ಬ್ಯಾಟರಿ ಪೂರ್ತಿ ಸತ್ತು ಎದ್ದ ಫೋನಿನಲ್ಲಿ ದಿನಾಂಕ ತಪ್ಪಿದ್ದರೆ ಇಂಥ ಆ್ಯಪ್‌ಗಳು ನಂಬುವುದಿಲ್ಲ. ದಿನಾಂಕವನ್ನು ತಾನಾಗಿ ಹೊಂದಿಸಿಕೊಳ್ಳುವಂತೆ ಇಡುವುದೇ ಮೇಲು.

ಬೆಳೆ ಸಮೀಕ್ಷೆಯಲ್ಲಿ ಜಾಗ ತಪ್ಪು ತೋರಿಸುವುದು ಇನ್ನೊಂದು ದೂರು. ಆ್ಯಪ್‌ಗೆ 'ನಿಖರ ಸ್ಥಳ'ದ ಅನುಮತಿ ಕೊಟ್ಟಿದ್ದೀರೋ ನೋಡಿರಿ. ಜಾಗ ತಿಳಿಯುವುದು ಉಪಗ್ರಹಗಳಿಂದ. ಅದಕ್ಕೆ ಆಕಾಶ ಕಾಣಬೇಕು. ಅಡಿಕೆಯ ಸೋಗೆಯ ಕೆಳಗೆ, ಕಾಫಿಯ ನೆರಳು ಮರಗಳ ಕೆಳಗೆ ಅದು ತಡವರಿಸುತ್ತದೆ. ತೋಟದೊಳಗೇ ಸ್ವಲ್ಪ ತೆರವಾದ ಕಡೆ ಒಂದೆರಡು ನಿಮಿಷ ನಿಂತು, ಜಾಗ ಸ್ಥಿರವಾದ ಮೇಲೆ ಫೋಟೋ ತೆಗೆಯಿರಿ.

7. ಫೋನು ನಿಧಾನ, 'ಜಾಗವಿಲ್ಲ' ಎನ್ನುತ್ತದೆ

ಅಟ್ಟ ತುಂಬಿದ ಮೇಲೆ ಹೊಸ ಚೀಲ ಎಲ್ಲಿ ಇಡುವುದು? ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಿನ ಬೆಳಗಾದರೆ ಬರುವ ಶುಭೋದಯದ ಚಿತ್ರಗಳು, ವಿಡಿಯೋಗಳು ಎಲ್ಲವೂ ಫೋನಿನ ಅಟ್ಟ ಸೇರುತ್ತವೆ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಮತ್ತು ಡೇಟಾ' ಎಂಬಲ್ಲಿಗೆ ಹೋದರೆ ಯಾವ ಗುಂಪು ಎಷ್ಟು ಜಾಗ ನುಂಗಿದೆ ಎಂದು ಕಾಣುತ್ತದೆ. ದೊಡ್ಡ ವಿಡಿಯೋಗಳನ್ನು ಅಳಿಸಿರಿ; ತಾನಾಗಿ ಇಳಿಸಿಕೊಳ್ಳುವುದನ್ನು ಅಲ್ಲೇ ನಿಲ್ಲಿಸಿರಿ. ಅಳಿಸುವ ಮೊದಲು ಪಹಣಿ, ಬಿಲ್ಲು, ಬೆಳೆ ನಷ್ಟದ ಫೋಟೋಗಳನ್ನು ಬೇರೆ ತೆಗೆದಿರಿಸಿರಿ. ಜಾಗವಿದ್ದೂ ಫೋನು ತಡವರಿಸುತ್ತಿದ್ದರೆ ಈಚೆಗೆ ಹಾಕಿದ ಆ್ಯಪ್ ಒಂದೊಂದನ್ನೇ ತೆಗೆದು ನೋಡಿರಿ.

8. ಕಾಯಿಲೆಯಲ್ಲ, ಕಳ್ಳತನ

ಕೆಲವು ಲಕ್ಷಣಗಳು ಕೆಟ್ಟುಹೋದದ್ದರವಲ್ಲ. ಹಾಕದ ಆ್ಯಪ್ ಕಾಣಿಸುವುದು, ಬ್ಯಾಂಕಿನ ಸಂದೇಶ ಬಾರದಿರುವುದು, ನಮ್ಮ ಹೆಸರಿನಲ್ಲಿ ಬೇರೆಯವರಿಗೆ ಸಂದೇಶ ಹೋಗುವುದು, ಇವು ಕಂಡರೆ ಜಾಗ್ರತೆ. ಮದುವೆಯ ಆಮಂತ್ರಣ, ವಾಹನದ ದಂಡ, ಪಿ.ಎಂ. ಕಿಸಾನ್ ಮುಂತಾದ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬರುವ 'ಎ.ಪಿ.ಕೆ.' ಕಡತವನ್ನು ಒತ್ತಿದರೆ ಫೋನಿನ ಒ.ಟಿ.ಪಿ. ಕಳ್ಳರಿಗೆ ಹೋಗುತ್ತದೆ. ಆಮಂತ್ರಣವನ್ನು ನೋಡಲು ಯಾವ ಆ್ಯಪ್ಪೂ ಬೇಡ.

ಇನ್ನೊಂದು ದಾರಿ ಫೋನು ಸರಿಪಡಿಸುವ ನೆಪದಲ್ಲೇ ಬರುತ್ತದೆ. ಇಂಟರ್ನೆಟ್ಟಿನಲ್ಲಿ ಹುಡುಕಿದ 'ಸಹಾಯವಾಣಿ' ಸಂಖ್ಯೆಗೆ ಕರೆ ಮಾಡಿದರೆ ಆ ಕಡೆಯವನು ವಿನಯದಿಂದ ಮಾತನಾಡಿ, ಒಂದು ಆ್ಯಪ್ ಹಾಕಿಸಿ, ನಮ್ಮ ಪರದೆಯನ್ನು ಅಲ್ಲಿಂದಲೇ ನೋಡುತ್ತಾನೆ. ಯಾರೇ ಆಗಲಿ ಪರದೆ ಹಂಚಿಕೊಳ್ಳಿರೆಂದರೆ ಕರೆ ಕಡಿದುಬಿಡಿರಿ. ಬ್ಯಾಂಕಿನ ಸಂಖ್ಯೆ ಪಾಸುಪುಸ್ತಕದಲ್ಲೋ ಕಾರ್ಡಿನ ಹಿಂದೆಯೋ ಇರುತ್ತದೆ, ಅದನ್ನೇ ಬಳಸಿರಿ. ಹಣ ಹೋದದ್ದು ತಿಳಿದ ಕೂಡಲೇ ಇಂಟರ್ನೆಟ್ ಆರಿಸಿ, ಬೇರೆ ಫೋನಿನಿಂದ 1930ಕ್ಕೂ ಬ್ಯಾಂಕಿಗೂ ತಿಳಿಸಿರಿ. ಬೇಗ ತಿಳಿಸಿದಷ್ಟು ಹಣ ತಡೆಯುವ ಸಾಧ್ಯತೆ ಹೆಚ್ಚು. ಮಂಗಳೂರಿನಲ್ಲಿ ಇಂಥ ಅಪರಾಧಗಳಿಗಾಗಿಯೇ ಸೆನ್ ಪೊಲೀಸ್ ಠಾಣೆಯಿದೆ. ನಾಚಿಕೆಯಿಂದ ಸುಮ್ಮನಿದ್ದರೆ ಲಾಭ ಕಳ್ಳನಿಗೆ.

9. ಪೇಟೆಗೆ ಹೋಗಲೇಬೇಕಾದರೆ

ಪರದೆ ಒಡೆದದ್ದು, ಬ್ಯಾಟರಿ ಊದಿದ್ದು, ನೀರು ಹೊಕ್ಕು ಏಳದಿರುವುದು, ಇವಕ್ಕೆ ಅಂಗಡಿಯೇ ಬೇಕು. ವಾರಂಟಿ ಇದ್ದರೆ ಕಂಪೆನಿಯ ಅಧಿಕೃತ ಕೇಂದ್ರಕ್ಕೇ ಬಿಲ್ಲಿನೊಂದಿಗೆ ಹೋಗಿರಿ. ಕೊಡುವ ಮೊದಲು ಸಿಮ್ ಮತ್ತು ಮೆಮೊರಿ ಕಾರ್ಡು ತೆಗೆದಿಟ್ಟುಕೊಳ್ಳಿರಿ. ಯು.ಪಿ.ಐ. ಸಂಖ್ಯೆಯನ್ನು ಯಾರಿಗೂ ಹೇಳಬಾರದು. ಸ್ಯಾಮ್‌ಸಂಗ್‌ನ ಅನೇಕ ಫೋನುಗಳಲ್ಲಿ 'ಮೇಂಟೆನೆನ್ಸ್ ಮೋಡ್' ಎಂಬ ಏರ್ಪಾಡಿದೆ. ಅದನ್ನು ಒತ್ತಿ ಕೊಟ್ಟರೆ ರಿಪೇರಿಯವರಿಗೆ ನಮ್ಮ ಫೋಟೋ, ಸಂದೇಶ ಕಾಣುವುದಿಲ್ಲ.

'ಫ್ಯಾಕ್ಟರಿ ರಿಸೆಟ್' ಎಂಬುದು ಎಲ್ಲಕ್ಕಿಂತ ಕೊನೆಯ ಮದ್ದು. ಅದು ಫೋನಿನಲ್ಲಿದ್ದ ಸರ್ವಸ್ವವನ್ನೂ ಅಳಿಸುತ್ತದೆ. ಅದಾದ ಮೇಲೆ ಹಳೆಯ ಗೂಗಲ್ ಖಾತೆಯ ಗುಪ್ತಪದವನ್ನು ಕೇಳುವ ಸಂದರ್ಭವೂ ಉಂಟು. ಬೆಂಗಳೂರಿನ ಮಗ ತಂದುಕೊಟ್ಟ ಫೋನಿನಲ್ಲಿ ಯಾರ ಖಾತೆಯಿದೆ, ಗುಪ್ತಪದ ಏನು ಎಂಬುದು ಮನೆಯವರಿಗೆ ಗೊತ್ತಿಲ್ಲದಿದ್ದರೆ ಒಳ್ಳೆಯ ಫೋನೇ ಕಲ್ಲಾಗುತ್ತದೆ.

ಇಂದೇ ಮಾಡಿಡಬೇಕಾದದ್ದು

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಫೋನು ಚೆನ್ನಾಗಿರುವಾಗಲೇ ನಾಲ್ಕು ಕೆಲಸ ಮುಗಿಸಿರಿ.

ಒಂದು: *#06# ಒತ್ತಿದರೆ ಬರುವ 15 ಅಂಕೆಯ ಸಂಖ್ಯೆಯನ್ನು ಬರೆದಿಡಿರಿ. ಫೋನು ಕಳೆದರೆ ಪೊಲೀಸರಿಗೆ ದೂರು ಕೊಟ್ಟು, 2023ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಆರಂಭಿಸಿದ 'ಸಂಚಾರ್ ಸಾಥಿ'ಯ ಮೂಲಕ ಆ ಫೋನು ದೇಶದಲ್ಲಿ ಎಲ್ಲೂ ನಡೆಯದಂತೆ ತಡೆಯಬಹುದು.

ಎರಡು: ಗೂಗಲ್ ಖಾತೆ, ಅದರ ಗುಪ್ತಪದ ಇವನ್ನು ಪುಸ್ತಕದಲ್ಲಿ ಬರೆದು ಪಹಣಿ, ಕ್ರಯಪತ್ರಗಳಿರುವ ಪೆಟ್ಟಿಗೆಯಲ್ಲಿಡಿರಿ. ಯು.ಪಿ.ಐ. ಸಂಖ್ಯೆಯನ್ನು ಮಾತ್ರ ಎಲ್ಲೂ ಬರೆಯಬೇಡಿರಿ.

ಮೂರು: ಸಂಪರ್ಕ ಸಂಖ್ಯೆಗಳೂ ಮುಖ್ಯ ಫೋಟೋಗಳೂ ಗೂಗಲ್ ಖಾತೆಯಲ್ಲಿ ಉಳಿಯುವಂತೆ ಮಾಡಿರಿ. 15 ಜಿ.ಬಿ. ಜಾಗ ಉಚಿತ. ಹತ್ತು ಮುಖ್ಯ ಸಂಖ್ಯೆಗಳು ಗೋಡೆಯ ಕ್ಯಾಲೆಂಡರಿನಲ್ಲೂ ಇರಲಿ.

ನಾಲ್ಕು: ಮನೆಯಲ್ಲಿ ಒಂದು ಸಾದಾ ಗುಂಡಿ ಫೋನು ಚಾರ್ಜ್ ಮಾಡಿಟ್ಟಿರಲಿ. ದೊಡ್ಡ ಫೋನು ರಿಪೇರಿಗೆ ಹೋದಾಗ ಸಿಮ್ ಅದರಲ್ಲಿ ಹಾಕಿದರೆ ಕರೆಯೂ ಒ.ಟಿ.ಪಿ.ಯೂ ನಿಲ್ಲುವುದಿಲ್ಲ. ಆದರೆ ಆ ಗುಂಡಿ ಫೋನು ನಿಮ್ಮ ಸಿಮ್ ಕಂಪೆನಿಗೆ ಹೊಂದುವುದಾಗಿರಬೇಕು. 4ಜಿ ಮಾತ್ರ ಇರುವ ಕಂಪೆನಿಯ ಸಿಮ್ ಹಳೆಯ 2ಜಿ ಫೋನಿನಲ್ಲಿ ನಡೆಯದು. ಸಿಮ್ಮೇ ಕಳೆದು ಹೊಸತು ತೆಗೆದುಕೊಂಡರೆ ದೂರಸಂಪರ್ಕ ಇಲಾಖೆಯ 2022ರ ಆದೇಶದಂತೆ ಮೊದಲ 24 ಗಂಟೆ ಸಂದೇಶ ಬರುವುದಿಲ್ಲ. ಅದು ನಮ್ಮ ಹಣದ ರಕ್ಷಣೆಗಾಗಿಯೇ ಇರುವ ನಿಯಮ. ಸಾಲದ ಕಂತು, ವಿಮೆಯ ಕೊನೆಯ ದಿನಾಂಕ ಹತ್ತಿರವಿದ್ದಾಗ ಇದು ನೆನಪಿರಲಿ.

ಮನೆಯ ಹೆಂಗಸರಿಗೂ ಹಿರಿಯರಿಗೂ ಇದನ್ನು ಓದಿ ಹೇಳಿರಿ; ತೋಟದಲ್ಲಿ ನಾವಿರುವಾಗ ಮನೆಯಲ್ಲಿ ಫೋನು ಎತ್ತುವವರು ಅವರೇ. ಈ ಹಾಳೆಯನ್ನು ಕತ್ತರಿಸಿ ಚಾರ್ಜ್ ಮಾಡುವ ಜಾಗದ ಗೋಡೆಗೆ ಅಂಟಿಸಿಕೊಂಡರೂ ಆದೀತು. ಇಲ್ಲಿ ಬಾರದ ತೊಂದರೆಗಳಿದ್ದರೆ, ನೀವೇ ಕಂಡುಕೊಂಡ ಉಪಾಯಗಳಿದ್ದರೆ ಸದಸ್ಯರು ಕಚೇರಿಗೆ ಬರೆದು ತಿಳಿಸಬೇಕಾಗಿ ವಿನಂತಿ. ಉಪಯುಕ್ತವಾದವುಗಳನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸಲಾಗುವುದು.

— ಕಾರ್ಯದರ್ಶಿ